ಮಾಯೆಯ ಲೆಕ್ಕಪತ್ರ

1912ರಲ್ಲಿ ಲಂಡನ್ನಿನಿಂದ ವಿಲಿಯಮ್ಸನ್ ಕ್ಯಾಮೆರಾ ತರಿಸಿಕೊಂಡ ದಾದಾಸಾಹೇಬ್ ಫಾಲ್ಕೆಯವರು ಚಲನಚಿತ್ರ ತಯಾರಿಸಲು ಸಾಲ ಕೊಡುವವರನ್ನು ನಂಬಿಸಲು ಒಂದು ಉಪಾಯ ಹೂಡಿದರು. ಕುಂಡದಲ್ಲಿ ಬಟಾಣಿ ಬಿತ್ತಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ತಿಂಗಳಿಗೂ ಹೆಚ್ಚು ಕಾಲ ಬಿಟ್ಟು ಬಿಟ್ಟು ಚಿತ್ರ ತೆಗೆದರು. ಪರದೆಯ ಮೇಲೆ ಒಂದು ನಿಮಿಷದಲ್ಲಿ ಮೊಳಕೆ ಒಡೆದು ಬಳ್ಳಿ ಎದ್ದು ನಿಂತಿತು. ನೋಡುವವರಿಗೆ ಅದು ಮಾಯೆ, ತೆಗೆದವರಿಗೆ ಲೆಕ್ಕ. ಸೆಕೆಂಡಿಗೆ 16 ಚೌಕಟ್ಟು (ಫ್ರೇಮ್) ಎಂದರೆ ನಿಮಿಷಕ್ಕೆ 960. ನಡುವೆ ಕುಂಡ ಒಂದು ಬೆರಳಗಲ ಸರಿದಿದ್ದರೂ ಗಿಡ ಬೆಳೆಯುವ ಬದಲು ಕುಣಿಯುತ್ತಿತ್ತು. ತಂತ್ರದೃಶ್ಯಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಹೇಳುತ್ತೇವೆ: ಕೈಯಿಂದ ತಿರುವುವ ಕ್ಯಾಮೆರಾ, ಆಪ್ಟಿಕಲ್ ಪ್ರಿಂಟರ್, ಆಮೇಲೆ ಕಂಪ್ಯೂಟರ್. ನನಗೆ ಅದು ಲೆಕ್ಕ ಬರೆದಿಡುವ ಕಸುಬಿನ ಚರಿತ್ರೆಯಾಗಿ ಕಾಣುತ್ತದೆ. ಯಂತ್ರಗಳು ಬದಲಾದವು, ಲೆಕ್ಕದ ಪುಸ್ತಕ ಉಳಿಯಿತು. ಈಗ ಅದು ಮುಂಬಯಿಯ ನೆರೆಯ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ತಂತ್ರದೃಶ್ಯ ಕಲಿಯುವ ವಿದ್ಯಾರ್ಥಿಗಳ ಕೈಗೆ ಬಂದಿದೆ. ಅದನ್ನು ತೆರೆಯದೆಯೇ ಚಿತ್ರೀಕರಣಕ್ಕೆ ಹೊರಟರೆ ಏನಾಗುತ್ತದೆ ಎಂಬುದನ್ನು ಆ ಚರಿತ್ರೆಯೇ ಹೇಳುತ್ತದೆ.

ಫಾಲ್ಕೆಯವರ ಕಾಲದಲ್ಲಿ ಬಹುಪಾಲು ಚಮತ್ಕಾರ ಕ್ಯಾಮೆರಾದ ಹೊಟ್ಟೆಯೊಳಗೇ ಮುಗಿಯಬೇಕಿತ್ತು. 1919ರ ‘ಕಾಳಿಯಾ ಮರ್ದನ’ದ ಆರಂಭದಲ್ಲಿ ಅವರ ಮಗಳು ಮಂದಾಕಿನಿಯ ರೂಪ ಕರಗಿ ಬಾಲಕೃಷ್ಣನ ವೇಷವಾಗುತ್ತದೆ. ಇಂಥ ಬೆಸುಗೆಗೆ ಮೊದಲ ಚಿತ್ರವನ್ನು ಮಂಕು ಮಾಡುತ್ತ ನಿಲ್ಲಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದೇ ಜಾಗದಿಂದ ಎರಡನೆಯದನ್ನು ಬೆಳಗಿಸುತ್ತ ಬರಬೇಕು. ಹಿಡಿಕೆಯ ಒಂದು ಸುತ್ತಿಗೆ ಎಂಟು ಚೌಕಟ್ಟು. ಸುತ್ತು ಎಣಿಸುವುದರಲ್ಲಿ ತಪ್ಪಿದರೆ ಎರಡೂ ಚಿತ್ರ ಕೆಟ್ಟಂತೆ. 1937ರ ‘ಖ್ವಾಬ್ ಕೀ ದುನಿಯಾ’ದಲ್ಲಿ ಬಾಬೂಭಾಯಿ ಮಿಸ್ತ್ರಿ ಕಪ್ಪು ಹಿನ್ನೆಲೆಯೆದುರು ಕಪ್ಪು ದಾರ ಕಟ್ಟಿ ವಸ್ತುಗಳನ್ನು ಆಡಿಸಿದರು, ‘ಕಾಲಾ ಧಾಗಾ’ ಎಂಬ ಅಡ್ಡಹೆಸರು ಅವರಿಗೆ ಅಂಟಿದ್ದು ಹಾಗೆ. ಕನ್ನಡಿಗರು 1977ರ ‘ಬಭ್ರುವಾಹನ’ವನ್ನು ನೆನೆದರೆ ಸಾಕು. ಅರ್ಜುನನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ದ್ವಿಪಾತ್ರದ ದೃಶ್ಯಗಳಿಗೆ ಆ ದಿನಗಳಲ್ಲಿ ಬಳಕೆಯಲ್ಲಿದ್ದ ಕ್ರಮವೆಂದರೆ ಮಸೂರದ ಅರ್ಧ ಭಾಗ ಮುಚ್ಚಿ ಒಮ್ಮೆ, ಇನ್ನರ್ಧ ಮುಚ್ಚಿ ಮತ್ತೊಮ್ಮೆ ತೆಗೆಯುವುದು. ನಡುವೆ ಕ್ಯಾಮೆರಾದ ಕಾಲು ಅಲುಗಬಾರದು, ಬೆಳಕು ಬದಲಾಗಬಾರದು, ನಟನ ಕಣ್ಣು ಎದುರಿಗಿಲ್ಲದ ತನ್ನನ್ನೇ ಸರಿಯಾದ ಎತ್ತರದಲ್ಲಿ ನೋಡಬೇಕು.

ಸಂಕಲನದ ಮೇಜಿನ ಮೇಲೂ ಇದೇ ಶಿಸ್ತು. 35 ಎಂಎಂ ಫಿಲ್ಮಿನ ಅಂಚಿನಲ್ಲಿ ಅಡಿಗೊಂದರಂತೆ, ಅಂದರೆ 16 ಚೌಕಟ್ಟಿಗೊಂದರಂತೆ, ಸಂಖ್ಯೆ ಇರುತ್ತಿತ್ತು. ಸಂಕಲನಕಾರ ಕತ್ತರಿಸುತ್ತಿದ್ದುದು ಪ್ರತಿಯನ್ನು. ಮೂಲ ನೆಗೆಟಿವ್ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಕೊನೆಗೆ ಅಂಚಿನ ಸಂಖ್ಯೆ ನೋಡಿಯೇ ನೆಗೆಟಿವ್‌ಗೆ ಕತ್ತರಿ ಬೀಳುತ್ತಿತ್ತು. ಇಂದಿನ ಟೈಮ್‌ಕೋಡ್, ಸಂಕಲನ ಮುಗಿದ ಮೇಲೆ ಯಾವ ಶಾಟು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುತ್ತ ಹೊರಡುವ ಇಡಿಎಲ್ ಪಟ್ಟಿ, ಆ ಅಂಚಿನ ಸಂಖ್ಯೆಯ ವಂಶದವೇ. ವಿಷುವಲ್ ಎಫೆಕ್ಟ್ಸ್‌ಗೆ ಕೊಡುವ ಮುನ್ನ ಸಂಕಲನ ‘ಲಾಕ್’ ಆಗಿರಬೇಕು ಎನ್ನುವುದಕ್ಕೆ ಕಾರಣ ಸರಳ: ಈಗಿನ ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಐದು ಸೆಕೆಂಡಿನ ಶಾಟ್ ಎಂದರೆ 120 ಚೌಕಟ್ಟು, ಪ್ರತಿಯೊಂದಕ್ಕೂ ಯಾರದೋ ಕೈ ತಗಲಬೇಕು. ಶಾಟಿನ ಹಿಂದೆ ಮುಂದೆ ಎಂಟೋ ಹನ್ನೆರಡೋ ಚೌಕಟ್ಟು ಹೆಚ್ಚುವರಿ ಬಿಡುವುದು, ದರ್ಜಿ ಹೊಲಿಗೆಯೊಳಗೆ ಬಟ್ಟೆ ಬಿಟ್ಟ ಹಾಗೆ. ಲಾಕ್ ಆದ ಮೇಲೆ ನಿರ್ದೇಶಕ ಮನಸ್ಸು ಬದಲಿಸಿದರೆ ಆಗುವ ನಷ್ಟ ಕಂಪ್ಯೂಟರಿನದಲ್ಲ, ಅದರ ಮುಂದೆ ಕುಳಿತವನದು.

ಈ ವಿದ್ಯೆ ಸ್ಟುಡಿಯೊದ ಗುಟ್ಟಾಗಿದ್ದದ್ದು ತರಗತಿಯ ಪಾಠವಾದ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ನಿರ್ದೇಶಕ ಗೋವಿಂದ ನಿಹಲಾನಿಯವರೂ ಅಲ್ಲೇ ಕಲಿತರು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಗೆ ತಿರುಗಿಸಿ ಹೆಸರಾದ ಆ ಬೆಳಕಿನ ಕೋಲನ್ನು ನಿಲ್ಲಿಸಿದರು, ಸೂರ್ಯ ಸರಿಯುತ್ತಲೇ ಇರುವುದರಿಂದ ಅದೂ ಗಳಿಗೆಯ ಲೆಕ್ಕವೇ. 1960ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೊ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಠಾಣೆ ಸುತ್ತಿನ ಊರುಗಳಿಗೆ ರೈಲು ಬೇಗ ಬಂದರೂ ಈ ಪಾಠ ಬಂದದ್ದು ಬಹಳ ತಡವಾಗಿ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿತು, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. 1970ರಲ್ಲಿ ನಗರ ನಿರ್ಮಾಣ ನಿಗಮ ಸಿಡ್ಕೊ ಹುಟ್ಟಿ ನವಿಮುಂಬಯಿ ಏಳತೊಡಗಿತು. ಮುಂಬಯಿಯ ಕಚೇರಿಗಳಲ್ಲಿ ದುಡಿದು ರಾತ್ರಿ ಮರಳುವವರ ಊರುಗಳಿವು. ಅರೇನಾ, ಮ್ಯಾಕ್‌ನಂಥ ತರಬೇತಿ ಸಂಸ್ಥೆಗಳು ಬಂದಾಗ ಈ ಮನೆಗಳ ಮಕ್ಕಳು ಅಲ್ಲಿಗೆ ಸೇರಿದರು. ಅತ್ತ 1997ರಲ್ಲಿ ಮುಂಬಯಿಯಲ್ಲಿ ಆರಂಭವಾದ ಪ್ರೈಮ್ ಫೋಕಸ್ ಸಂಸ್ಥೆ 2010ರ ಹೊತ್ತಿಗೆ ‘ಕ್ಲಾಷ್ ಆಫ್ ದ ಟೈಟನ್ಸ್’ನಂಥ ಹಾಲಿವುಡ್ ಚಿತ್ರವನ್ನು 3ಡಿಗೆ ಬದಲಿಸಿಕೊಡುತ್ತಿತ್ತು. ಅಂಥ ಕೆಲಸಕ್ಕೆ ಬೇಕಾದದ್ದು ರೋಟೊ: ಚೌಕಟ್ಟು ಚೌಕಟ್ಟಾಗಿ ಆಕೃತಿಯ ಅಂಚನ್ನು ಬಿಡಿಸುವ ಗುಮಾಸ್ತಿಕೆ.

ಇನ್ನು ವಿದ್ಯಾರ್ಥಿ ಚಿತ್ರವೊಂದರ ಚಿತ್ರೀಕರಣವನ್ನು ಹತ್ತಿರದಿಂದ ನೋಡಿ. ಫ್ಲ್ಯಾಟಿನ ಗೋಡೆಗೆ ಹಸಿರು ಬಟ್ಟೆ ಕಟ್ಟಿದ್ದಾರೆ, ಎದುರಿಗೆ ಮದುವಣಗಿತ್ತಿಯ ಪಾತ್ರ. ಮರಾಠಿ ಮದುವೆಯಲ್ಲಿ ಹಸಿರು ಬಳೆ ತಪ್ಪುವಂತಿಲ್ಲ. ಬೇರೆ ದೃಶ್ಯ ಸೇರಿಸಲೆಂದು ಕಂಪ್ಯೂಟರಿನಲ್ಲಿ ಹಸಿರು ಹಿನ್ನೆಲೆ ತೆಗೆದ ಕೂಡಲೇ ಬಳೆಯೂ ಮಾಯವಾಗಿ ಮಣಿಕಟ್ಟಿನಲ್ಲಿ ತೂತು ಬೀಳುತ್ತದೆ. ನೀಲಿ ಬಟ್ಟೆ ಕಟ್ಟಿದರೆ ಪೌರಾಣಿಕ ಚಿತ್ರದ ಕೃಷ್ಣನಿಗೆ ಇದೇ ಗತಿ. ಅಗ್ಗದ ಕ್ಯಾಮೆರಾಗಳು ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಉಳಿಸಿ, ಬಣ್ಣದ ವಿವರವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಉಳಿಸುತ್ತವೆ; ಹಾಗಾಗಿ ಕೂದಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಹರಿದುಬರುತ್ತದೆ. ನಟರು ಆಚೆ ಸರಿದ ಮೇಲೆ ಅದೇ ಕೋನದಿಂದ ಖಾಲಿ ಜಾಗವನ್ನು, ಅಂದರೆ ‘ಕ್ಲೀನ್ ಪ್ಲೇಟ್’ ಅನ್ನು, ತೆಗೆದಿಡಬೇಕು. ಒಂದು ಗಂಟೆ ತಡಮಾಡಿದರೆ ಠಾಣೆಯ ಜುಲೈ ಮೋಡ ಅದನ್ನು ಬೇರೊಂದು ದಿನದ ಚಿತ್ರವನ್ನಾಗಿ ಮಾಡಿಬಿಡುತ್ತದೆ. ಮಸೂರ ಎಷ್ಟು ಎಂಎಂ, ಕ್ಯಾಮೆರಾದ ಎತ್ತರ, ನಟನ ದೂರ, ಷಟರ್, ಹೊತ್ತು: ಲೆಕ್ಕದ ಪುಸ್ತಕದಲ್ಲಿ ಇಷ್ಟು ಬರೆಯಲು ಎರಡು ನಿಮಿಷ ಸಾಕು.

ಇದಕ್ಕೆ ಆಕ್ಷೇಪಗಳಿವೆ. ಹಸಿರು ಬಟ್ಟೆಯಿಲ್ಲದೆಯೇ ಮನುಷ್ಯನನ್ನು ಹಿನ್ನೆಲೆಯಿಂದ ಬಿಡಿಸುವ ತಂತ್ರಾಂಶ ಬಂದಿರುವಾಗ ಈ ಮಡಿವಂತಿಕೆ ಏಕೆ ಎಂಬುದು ಮೊದಲನೆಯದು. ತಂತ್ರಾಂಶ ಬಿಡಿಸುತ್ತದೆ, ನಿಜ. ಆದರೆ ಬಿಡಿಸಿದ ಜಾಗದ ಹಿಂದೆ ಏನಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ, ಅದು ಊಹಿಸುತ್ತದೆ. ಕ್ಲೀನ್ ಪ್ಲೇಟ್ ತೆಗೆದು, ಯಾವ ಮಸೂರವೆಂದು ಬರೆದಿಟ್ಟಲ್ಲಿ ಊಹೆಗೆ ಕೆಲಸವಿಲ್ಲ. ಎರಡನೆಯದು ಇನ್ನೂ ಗಟ್ಟಿಯಾದದ್ದು: ಕಲಿಯುವ ವಯಸ್ಸಿನಲ್ಲಿ ಇಷ್ಟು ದಾಖಲೆ ಬೇಡಿದರೆ ಹುರುಪು ಸತ್ತೀತು. ಪೂರ್ತಿ ಚಿತ್ರಕ್ಕೆ ಈ ಕಟ್ಟುಪಾಡು ಬೇಕಿಲ್ಲ ಎಂಬುದನ್ನು ಒಪ್ಪುತ್ತೇನೆ. ಮಾಯೆ ಬೆರೆಯುವ ಶಾಟುಗಳಿಗಷ್ಟೇ ಬೇಕು. ಲೆಕ್ಕದಿಂದ ಹುರುಪು ಸಾಯುವುದಾದರೆ ಫಾಲ್ಕೆಯವರದು ಬಟಾಣಿಯೊಂದಿಗೇ ಸಾಯಬೇಕಿತ್ತು. ಫಾಲ್ಕೆಯವರಿಗೂ ಕೋಚಿಂಗ್ ಕ್ಲಾಸಿಗೂ ಎತ್ತಣ ಸಂಬಂಧ ಎಂದು ಕೇಳುವವರೂ ಇದ್ದಾರೆ. ಗುರುಪರಂಪರೆಯ ಸಂಬಂಧವೇನೂ ಇಲ್ಲ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಚಿತ್ರ ಒಂದಾಗಿ ಕಾಣಬೇಕು ಎಂಬ ಅಗತ್ಯ ಮಾತ್ರ ಇಬ್ಬರಿಗೂ ಒಂದೇ.

ಒಂದು ವ್ಯತ್ಯಾಸವಂತೂ ಇದೆ. ಅಂದು ತಪ್ಪಿದರೆ ಫಿಲ್ಮ್ ಹಾಳಾಗುತ್ತಿತ್ತು, ದಂಡ ತಪ್ಪಿದವನೇ ತೆರುತ್ತಿದ್ದ. ಇಂದು ‘ಪೋಸ್ಟ್‌ನಲ್ಲಿ’, ಅಂದರೆ ಚಿತ್ರೀಕರಣದ ನಂತರದ ಕೆಲಸದಲ್ಲಿ, ‘ನೋಡಿಕೊಳ್ಳೋಣ’ ಎಂದು ಸೆಟ್ಟಿನಲ್ಲಿ ಉಳಿಸಿದ ಎರಡು ನಿಮಿಷವನ್ನು ಇನ್ನೊಬ್ಬ ರಾತ್ರಿಪಾಳಿಯಲ್ಲಿ ತೀರಿಸುತ್ತಾನೆ, ಬಳೆಯ ಅಂಚನ್ನು 120 ಸಲ ಬಿಡಿಸಿ. ಆ ಇನ್ನೊಬ್ಬ ಬಹುಮಟ್ಟಿಗೆ ಇದೇ ಡೊಂಬಿವಲಿ, ಕಲ್ಯಾಣಗಳಂಥ ಊರಿನ, ಇಂಥದೇ ತರಗತಿಯಲ್ಲಿ ಕಲಿತ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ಆದ್ದರಿಂದ ಕಲಿಸುವವರಲ್ಲಿ ಒಂದು ಕೋರಿಕೆ: ವಿದ್ಯಾರ್ಥಿ ಚಿತ್ರಕ್ಕೆ ಅಂಕ ಹಾಕುವ ಮುನ್ನ ಅದರ ಲೆಕ್ಕದ ಪುಸ್ತಕವನ್ನೂ ಕೇಳಿ ತರಿಸಿಕೊಳ್ಳಿ, ಅದಕ್ಕೂ ಅಂಕ ಕೊಡಿ.