ಮಹಡಿಗೆ ಮಣ್ಣು ಏರಿದ ಬಗೆ

ಒಂದು ಅಡಿ ದಪ್ಪ ಮಣ್ಣು ಮಳೆಗೆ ಪೂರ್ತಿ ನೆನೆದರೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ ಅರ್ಧ ಟನ್ ತೂಗುತ್ತದೆ. ನಮ್ಮಲ್ಲಿ ವಾಸದ ಕೋಣೆಯ ನೆಲವನ್ನು ಜನ, ಮಂಚ, ಬೀರುಗಳ ಲೆಕ್ಕ ಹಿಡಿದು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡುತ್ತಾರೆ, ಬಾಲ್ಕನಿಯಾದರೆ 300. ಹೂವಿನ ಗಿಡ ಬಿಟ್ಟು ಮರವನ್ನೇ ಬೆಳೆಸಬೇಕೆಂದರೆ ಒಂದಡಿ ಮಣ್ಣು ಸಾಲದು, ಮೂರಡಿಯಾದರೂ ಬೇಕು. ಅಪಾರ್ಟ್‌ಮೆಂಟುಗಳಿಗೆ ಹಸಿರು ತರುವ ನೂರು ವರ್ಷಗಳ ಪ್ರಯತ್ನವನ್ನು ಈ ಭಾರದ ಕಡೆಯಿಂದ ನೋಡಬೇಕು. ಆಗ ಯಾವುದು ಕಟ್ಟಡದ ಎಲುಬಿಗೇ ಸೇರಿದ ವಿಚಾರ, ಯಾವುದು ಮಾರಾಟದ ಚಿತ್ರಕ್ಕಾಗಿ ಬಳಿದ ಬಣ್ಣ ಎಂಬುದು ಬೇಗ ಗೊತ್ತಾಗುತ್ತದೆ.

ಚಂಡೀಗಢದ ಯೋಜಕನೆಂದು ನಮಗೆ ಪರಿಚಿತನಾದ ಲೆ ಕಾರ್ಬುಸಿಯೆ 1922ರಲ್ಲೇ ಒಂದರ ಮೇಲೊಂದು ಪೇರಿಸಿದ ಮನೆಗಳ ನಕ್ಷೆ ಬರೆದಿದ್ದ. ಪ್ರತಿ ಮನೆಗೂ ಎರಡು ಅಂತಸ್ತಿನ ಎತ್ತರದ ತೂಗುತೋಟ ಇರಬೇಕೆಂಬುದು ಅವನ ಯೋಚನೆ. 1925ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಂಥ ಒಂದು ಮನೆಯ ಮಾದರಿಯನ್ನು ಕಟ್ಟಿ ತೋರಿಸಿದ. ಜಾಗದಲ್ಲಿದ್ದ ಮರವನ್ನು ಉಳಿಸಿಕೊಂಡು ಚಾವಣಿಯಲ್ಲಿ ದುಂಡನೆಯ ಕಂಡಿ ಬಿಟ್ಟಿದ್ದ. ಮರ ಅದರ ಮೂಲಕ ಮೇಲಕ್ಕೆ ಚಾಚಿತ್ತು. ಆದರೆ ಪೇರಿಸಿದ ತೋಟಮನೆಗಳ ಆ ಇಡೀ ಕಟ್ಟಡ ಕಾಗದದಲ್ಲೇ ಉಳಿಯಿತು. ಎರಡನೇ ಮಹಾಯುದ್ಧದ ನಂತರ, 1952ರಲ್ಲಿ, ಮಾರ್ಸೇಲ್ ನಗರದಲ್ಲಿ ಅವನು ಮುಗಿಸಿದ 337 ಮನೆಗಳ ಕಟ್ಟಡದಲ್ಲಿ ಬಿಸಿಲು, ಗಾಳಿ, ಕಂಬಗಳ ಕೆಳಗೆ ಹರಡಿದ ಉದ್ಯಾನ, ತಾರಸಿಯ ಮೇಲೆ ಮಕ್ಕಳ ಕೊಳ ಎಲ್ಲವೂ ಇದ್ದವು. ಮನೆಗೊಂದು ತೋಟ ಮಾತ್ರ ಇರಲಿಲ್ಲ.

ಆ ಕನಸನ್ನು ಮತ್ತೆ ಕೈಗೆತ್ತಿಕೊಂಡವನು ವಾಸ್ತುಶಿಲ್ಪಿ ಮೋಶೆ ಸಫ್ಡಿ. ವಿದ್ಯಾರ್ಥಿಯಾಗಿದ್ದಾಗ ಬರೆದ ಪ್ರಬಂಧವನ್ನೇ ಬೆಳೆಸಿ 1967ರ ಮಾಂಟ್ರಿಯಲ್ ವಿಶ್ವ ಮೇಳಕ್ಕಾಗಿ ‘ಹ್ಯಾಬಿಟಾಟ್ 67’ ಕಟ್ಟಿದ. ಅಚ್ಚಿನಲ್ಲಿ ಎರಕ ಹೊಯ್ದ 354 ಕಾಂಕ್ರೀಟ್ ಪೆಟ್ಟಿಗೆಗಳನ್ನು ಹಿಂದೆಮುಂದೆ ಜರುಗಿಸಿ ಪೇರಿಸಿದ್ದರಿಂದ ಕೆಳಗಿನ ಮನೆಯ ಚಾವಣಿ ಮೇಲಿನ ಮನೆಯ ಕೈತೋಟವಾಯಿತು. ಎಲ್ಲರಿಗೂ ಒಂದು ತೋಟ ಎಂಬುದು ಅವನ ಹಂಬಲ. ಆದರೆ ಖರ್ಚು ಏರಿತು, ಯೋಜಿಸಿದ್ದರ ಒಂದು ತುಣುಕಷ್ಟೇ ನಿಂತಿತು, ಇಂದು ಅದು ಉಳ್ಳವರ ವಿಳಾಸ.

ಸಾಮಾನ್ಯ ಬಾಡಿಗೆದಾರರಿಗೆ ತೋಟ ಕೊಟ್ಟದ್ದು ಯುರೋಪಿನ ಸಾರ್ವಜನಿಕ ವಸತಿ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವವಿರುವ ಅಧ್ಯಾಯವೂ ಅದೇ. ಪ್ಯಾರಿಸ್ ಅಂಚಿನ ಇವ್ರಿಯಲ್ಲಿ ವಾಸ್ತುಶಿಲ್ಪಿ ಝಾನ್ ರೆನೋದಿ 1970ರ ದಶಕದಲ್ಲಿ ಕಟ್ಟಿದ ಚೂಪು ಮೂಲೆಗಳ ಮನೆಗಳಿಗೆ ಮಣ್ಣು ತುಂಬಿದ ತಾರಸಿಗಳಿದ್ದವು. ಅವನ್ನು ನೋಡಿಕೊಳ್ಳುವ ಹೊಣೆ ವಾಸವಿದ್ದವರದೇ. ವಿಯೆನ್ನಾದ ಆಲ್ಟ್-ಎರ್ಲಾ ಇನ್ನೂ ದೊಡ್ಡ ಸಾಹಸ. ಹ್ಯಾರಿ ಗ್ಲೂಕ್ ವಿನ್ಯಾಸದಲ್ಲಿ 1973ರಿಂದ 1985ರವರೆಗೆ ಕಟ್ಟಿದ ಈ ವಸತಿಯಲ್ಲಿ ಸುಮಾರು 3,200 ಮನೆಗಳಿವೆ. ಕಟ್ಟಡದ ಅಡ್ಡಛೇದ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಕೆಳಗಿನ ಹನ್ನೆರಡು ಮಹಡಿಗಳು ಬುಡದಲ್ಲಿ ಅಗಲವಾಗಿ, ಮೇಲೇರಿದಂತೆ ಹಿಂದೆ ಸರಿಯುತ್ತವೆ. ಹಾಗೆ ಹೊರಚಾಚಿದ ಬಾಲ್ಕನಿಗಳ ಅಂಚಿನಲ್ಲಿ ಕಾಂಕ್ರೀಟಿನಲ್ಲೇ ಎರಕವಾದ ಆಳದ ಮಣ್ಣಿನ ತೊಟ್ಟಿಗಳಿವೆ. ಬುಡ ಅಗಲವಾದಾಗ ನಡುವೆ ಬೆಳಕು ಬಾರದ ಜಾಗ ಉಳಿಯುತ್ತದಲ್ಲ, ಅಲ್ಲಿ ಹವ್ಯಾಸದ ಕೋಣೆಗಳಿವೆ. ತಾರಸಿಗಳ ಮೇಲೆ ಎಲ್ಲ ನಿವಾಸಿಗಳಿಗೂ ಸೇರಿದ ಈಜುಕೊಳಗಳು. ಇದೆಲ್ಲ ಬಾಡಿಗೆ ಮನೆಗಳಲ್ಲಿ! ಅದೇ ವಿಯೆನ್ನಾದಲ್ಲಿ 1985ರಲ್ಲಿ ಮುಗಿದ ಚಿತ್ರಕಾರ ಹುಂಡರ್ಟ್‌ವಾಸರನ ಬಣ್ಣಬಣ್ಣದ ಕಟ್ಟಡ, ಕಿಟಕಿಯಿಂದ ಹೊರಚಾಚುವ ‘ಬಾಡಿಗೆದಾರ ಮರ’ಗಳಿಂದ ಹೆಚ್ಚು ಹೆಸರು ಮಾಡಿತು. ಬದುಕಿಗೆ ಹೆಚ್ಚು ಒದಗಿದ್ದು ಆಲ್ಟ್-ಎರ್ಲಾ.

ಭಾರತದ ಉತ್ತರ ಬೇರೆ ದಾರಿಯಿಂದ ಬಂತು. ಮುಂಬೈನಲ್ಲಿ ಸಮುದ್ರದ ಗಾಳಿ, ಕಣ್ಣಿಗೆ ಹಿತವಾದ ನೋಟ ಪಶ್ಚಿಮದಲ್ಲಿವೆ. ಮಧ್ಯಾಹ್ನದ ಸುಡುಬಿಸಿಲು, ಮುಂಗಾರಿನ ಎರಚಲು ಬರುವುದೂ ಅದೇ ದಿಕ್ಕಿನಿಂದ. ಹಳೆಯ ಬಂಗಲೆಗಳು ಸುತ್ತ ವರಾಂಡ ಕಟ್ಟಿಕೊಂಡು ಈ ಇಕ್ಕಟ್ಟನ್ನು ಬಗೆಹರಿಸಿದ್ದವು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಆ ವರಾಂಡವನ್ನು 28 ಮಹಡಿಯ ಗೋಪುರದೊಳಕ್ಕೆ ಒಯ್ದರು. 1983ರಲ್ಲಿ ಮುಗಿದ ಕಾಂಚನಜುಂಗಾ 21 ಮೀಟರ್ ಚೌಕದ, 84 ಮೀಟರ್ ಎತ್ತರದ ಕಟ್ಟಡ. ಅದರಲ್ಲಿರುವುದು 32 ಮನೆಗಳು ಮಾತ್ರ. ಗೋಪುರದ ಮೂಲೆಗಳನ್ನೇ ಕೆತ್ತಿ ತೆಗೆದಂತೆ ಎರಡು ಅಂತಸ್ತಿನ ಎತ್ತರದ ತೋಟ-ಜಗಲಿಗಳು ಬಾಯ್ದೆರೆದಿವೆ. ಕೋಣೆ ಒಳಗೆ ಸರಿದಿದೆ, ಮಳೆ ಬಿಸಿಲುಗಳನ್ನು ಮೊದಲು ಎದುರಿಸುವುದು ಜಗಲಿ. ಮನೆ ಪೂರ್ವದಿಂದ ಪಶ್ಚಿಮಕ್ಕೆ ತೂರಿ ಹೋಗುವುದರಿಂದ ಗಾಳಿ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಹೊರಡುತ್ತದೆ. ಇಲ್ಲಿ ಗಿಡಗಳು ಲೆಕ್ಕಕ್ಕೆ ಕಡಿಮೆ, ಆದರೂ ಹವೆಯ ಜೊತೆ ಇಷ್ಟು ಆಳದ ಒಡನಾಟವಿರುವ ಅಪಾರ್ಟ್‌ಮೆಂಟ್ ನಮ್ಮ ದೇಶದಲ್ಲಿ ಅಪರೂಪ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಜಗಲಿಯ ಬೆಲೆ ತಿಳಿದ ನಮಗೆ ಈ ಕಟ್ಟಡ ಬೇಗ ಅರ್ಥವಾಗಬೇಕು. ಅದು ಸಿರಿವಂತರ ಕಟ್ಟಡವೆಂಬುದು ನಿಜ. ಅದೇ ದಶಕದಲ್ಲಿ ನವಿ ಮುಂಬೈನ ಬೇಲಾಪುರದಲ್ಲಿ ಬೇರೆಬೇರೆ ಆದಾಯದವರಿಗೆ ಕೊರಿಯಾ ವಿನ್ಯಾಸ ಮಾಡಿದ ತಗ್ಗು ಮನೆಗಳಲ್ಲಿ, ಆಕಾಶಕ್ಕೆ ತೆರೆದ ಅಂಗಳವನ್ನು ಪ್ರತಿ ಕುಟುಂಬಕ್ಕೂ ಒದಗಿಸಿದರು.

ಹಸಿರು ಏಕೆ ಬೇಕು ಎಂಬುದಕ್ಕೆ ಅಳತೆಯ ಉತ್ತರ ಸಿಗತೊಡಗಿದ್ದೂ ಸುಮಾರು ಆಗಲೇ. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ಪ್ರಕಟಿಸಿದರು. ಒಂದೇ ಬಗೆಯ ಶಸ್ತ್ರಚಿಕಿತ್ಸೆಯ ನಂತರ, ಕಿಟಕಿಯಿಂದ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋಗಿದ್ದರು, ಪ್ರಬಲ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. 2001ರಲ್ಲಿ ಕುವೊ ಮತ್ತು ಸಲಿವನ್ ಎಂಬ ಸಂಶೋಧಕರು ಶಿಕಾಗೋದ ಒಂದು ಬಡವರ ವಸತಿಯ 98 ಅಪಾರ್ಟ್‌ಮೆಂಟ್ ಕಟ್ಟಡಗಳನ್ನು ಅಧ್ಯಯನ ಮಾಡಿದರು. ಸುತ್ತ ಹೆಚ್ಚು ಗಿಡಮರಗಳಿದ್ದ ಕಟ್ಟಡಗಳಲ್ಲಿ ವರದಿಯಾದ ಅಪರಾಧಗಳು ಕಡಿಮೆ. ಮರವೊಂದೇ ಅದಕ್ಕೆ ಕಾರಣವೆಂದು ಇಂಥ ಹೋಲಿಕೆಯಿಂದ ಹೇಳಲಾಗದು. ಆದರೂ ಒಂದು ಅಂಶ ಗಮನಿಸಬೇಕು: ಎರಡೂ ಅಧ್ಯಯನಗಳ ಮರಗಳು ಬೇರುಬಿಟ್ಟಿದ್ದು ನೆಲದಲ್ಲಿ.

ಕಟ್ಟಡಗಳಿಗೆ ಹಸಿರು ತರುವುದನ್ನು ಸಿಂಗಪುರ ಸರ್ಕಾರದ ನಿಯಮವಾಗಿ ಮಾಡಿತು. ಉದ್ಯಾನ ನಗರಿಯ ಘೋಷಣೆ 1967ರದು. 2009ರಿಂದ ಜಾರಿಯಲ್ಲಿರುವ ಯೋಜನೆಯ ಪ್ರಕಾರ, ಕಟ್ಟಡ ನೆಲದಿಂದ ಕಸಿದುಕೊಂಡ ಹಸಿರನ್ನು ಮಹಡಿಗಳಲ್ಲಿ ಮರಳಿ ಕೊಡಬೇಕು. ಸಮುದಾಯಕ್ಕೆ ತೆರೆದ ಆಕಾಶ-ತಾರಸಿಗಳನ್ನು ಷರತ್ತುಗಳ ಮೇಲೆ ಕಟ್ಟಡದ ವಿಸ್ತೀರ್ಣದ ಲೆಕ್ಕದಿಂದ ಹೊರಗಿಟ್ಟದ್ದೇ ದೊಡ್ಡ ಪ್ರೋತ್ಸಾಹವಾಯಿತು; ತೋಟಕ್ಕೆ ಜಾಗ ಬಿಟ್ಟ ಬಿಲ್ಡರಿಗೆ ಮಾರುವ ಚದರಡಿ ನಷ್ಟವಾಗದು. 2015ರ ಸ್ಕೈವಿಲ್ ಡಾಸನ್, ವೋಹಾ ಸಂಸ್ಥೆ ವಿನ್ಯಾಸಗೊಳಿಸಿದ ಸರ್ಕಾರಿ ವಸತಿ. 47 ಮಹಡಿ, 960 ಮನೆಗಳು. 80 ಮನೆಗಳಿಗೊಂದರಂತೆ ಹನ್ನೆರಡು ‘ಆಕಾಶದ ಹಳ್ಳಿ’ಗಳು, ಪ್ರತಿಯೊಂದಕ್ಕೂ ಹಂಚಿಕೊಂಡ ತೋಟ.

ಜಗತ್ತಿನ ಕಣ್ಣು ಸೆಳೆದದ್ದು ಮಾತ್ರ 2014ರಲ್ಲಿ ಮುಗಿದ ಮಿಲಾನಿನ ‘ಬೋಸ್ಕೊ ವರ್ಟಿಕಾಲೆ’. ವಾಸ್ತುಶಿಲ್ಪಿ ಸ್ಟೆಫಾನೊ ಬೊಯೆರಿಯ ಈ ಎರಡು ಗೋಪುರಗಳಲ್ಲಿ ಸುಮಾರು 800 ಮರಗಳು, ಸಾವಿರಾರು ಪೊದೆಗಳಿವೆ. ಇದನ್ನು ಬರೀ ಅಲಂಕಾರವೆಂದು ತಳ್ಳಿಹಾಕುವುದು ತಪ್ಪು. ಮರಗಳನ್ನು ಮೊದಲೇ ನರ್ಸರಿಯಲ್ಲಿ ಬೆಳೆಸಿ ಒಗ್ಗಿಸಲಾಗಿತ್ತು, ಗಾಳಿಯ ಒತ್ತಡವನ್ನು ಸುರಂಗದಲ್ಲಿ ಪರೀಕ್ಷಿಸಲಾಗಿತ್ತು. ಮರಗಳು ಉರುಳದಂತೆ ತಂತಿ ಬಿಗಿದಿದ್ದಾರೆ. ಗಿಡಗಳು ಆಯಾ ಮನೆಯವರ ಸ್ವತ್ತಲ್ಲ, ಇಡೀ ಕಟ್ಟಡದ್ದು. ಹಗ್ಗ ಕಟ್ಟಿಕೊಂಡು ಮೇಲಿನಿಂದ ಇಳಿಯುವ ತೋಟಗಾರರು ಕೊಂಬೆ ಸವರುತ್ತಾರೆ. ಅಷ್ಟು ಭಾರ ಹೊರಲು ಬೇಕಾದ ಹೆಚ್ಚುವರಿ ಕಾಂಕ್ರೀಟು, ಕಬ್ಬಿಣದ ಇಂಗಾಲದ ಲೆಕ್ಕವನ್ನು ವಿಮರ್ಶಕರು ಎತ್ತಿದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳಿದೆ.

ಹೊಣೆಗಾರಿಕೆ ಗಟ್ಟಿಯಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಚೀನಾದ ಚೆಂಗ್ಡು ತೋರಿಸಿತು. ಬೊಯೆರಿಯದಲ್ಲದ ಅಲ್ಲಿನ ಒಂದು ಯೋಜನೆಯಲ್ಲಿ ಎಂಟು ಗೋಪುರ, 826 ಮನೆ. ಎಲ್ಲ ಬಾಲ್ಕನಿಗಳಲ್ಲೂ ಗಿಡ. ಮನೆಗಳು ಮಾರಾಟವಾಗಿದ್ದರೂ 2020ರ ಹೊತ್ತಿಗೆ ವಾಸಕ್ಕೆ ಬಂದಿದ್ದು ಸುಮಾರು ಹತ್ತು ಕುಟುಂಬ. ಗಿಡಗಳು ಅಂಕೆಯಿಲ್ಲದೆ ಬೆಳೆದು ರೇಲಿಂಗಿನಿಂದ ಜೋತುಬಿದ್ದವು, ಸೊಳ್ಳೆ ತುಂಬಿಕೊಂಡವು. ಮರುವರ್ಷ ನೆದರ್ಲೆಂಡಿನ ಐಂಡ್‌ಹೋವನ್‌ನಲ್ಲಿ ಬೊಯೆರಿಯ ತಂಡ 125 ಸಣ್ಣ ಬಾಡಿಗೆ ಮನೆಗಳ ಸಾಮಾಜಿಕ ವಸತಿಯನ್ನು ಮುಗಿಸಿತು. ಪ್ರತಿ ಮನೆಯ ವಿಸ್ತೀರ್ಣ 50 ಚದರ ಮೀಟರಿಗಿಂತ ಕಡಿಮೆ, ಮನೆಗೊಂದು ಮರ. ಮಿಲಾನಿಗಿಂತ ಇದು ಮುಖ್ಯವಾದ ಹೆಜ್ಜೆ ಎಂದು ನಾನು ತಿಳಿಯುತ್ತೇನೆ.

ಬೆಂಗಳೂರಿನ ಕಥೆ ನೀರಿನಿಂದ ಶುರುವಾಗಬೇಕು. ಈ ಶತಮಾನದ ಆರಂಭದಲ್ಲಿ ವೈಟ್‌ಫೀಲ್ಡಿನಲ್ಲಿ ಎದ್ದ ಟಿ-ಝೆಡ್ ವಸತಿ ಮಳೆನೀರನ್ನು ಹಿಡಿದು ನೆಲಕ್ಕೆ ಇಂಗಿಸುವುದನ್ನೇ ವಿನ್ಯಾಸದ ತಳಹದಿ ಮಾಡಿಕೊಂಡಿತ್ತು. 2009ರಲ್ಲಿ ಜಲಮಂಡಳಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. 2024ರ ಮಾರ್ಚಿನ ಬರದಲ್ಲಿ ತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಅಂದಮೇಲೆ ಇಲ್ಲಿ ಇಪ್ಪತ್ತನೇ ಮಹಡಿಯ ಮರ ಬದುಕಬೇಕಾದದ್ದು ಸಂಸ್ಕರಿಸಿದ ಕೊಳಚೆ ನೀರಿನ ಮೇಲೆ. ದೊಡ್ಡ ಸಮುಚ್ಚಯಗಳಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕ (ಎಸ್‌ಟಿಪಿ) ಇದೆ. ಅಲ್ಲಿಂದ ಪ್ರತಿ ಬಾಲ್ಕನಿಯ ತೊಟ್ಟಿಗೆ ಪ್ರತ್ಯೇಕ ಪೈಪು ಎಳೆಯುವುದು ಕಟ್ಟುವಾಗಲೇ ಆಗಬೇಕಾದ ಕೆಲಸ.

ಇನ್ನೊಂದು ಸಮಸ್ಯೆ ನೆಲದಲ್ಲೇ ಇದೆ. ಎರಡು ಅಂತಸ್ತಿನ ಪಾರ್ಕಿಂಗಿಗಾಗಿ ಸೈಟಿನ ಬಹುಭಾಗ ಅಗೆದು, ಮೇಲೆ ಸ್ಲ್ಯಾಬ್ ಹಾಕಿ, ವಾಟರ್‌ಪ್ರೂಫಿಂಗ್ ಮಾಡಿ, ಅದರ ಮೇಲೆ ಹುಲ್ಲುಹಾಸು ಬೆಳೆಸುವುದು ಈಗಿನ ರೂಢಿ. ಆ ತೋಟದಲ್ಲಿ ಬಿದ್ದ ಮಳೆ ಅಂತರ್ಜಲಕ್ಕೆ ತಾನಾಗಿ ಇಳಿಯದು. ಹೊಂಗೆ, ಅತ್ತಿಯಂಥ ಮರಕ್ಕೆ ಬೇರು ಚಾಚುವ ಆಳವೂ ಇಲ್ಲ. ಸೋರಿಕೆ ಶುರುವಾದರೆ ಅಸೋಸಿಯೇಷನ್‌ನವರು ಮೊದಲು ಕೀಳಿಸುವುದು ಗಿಡಗಳನ್ನೇ. ಬಾಲ್ಕನಿಯ ಮರಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು, ಸೈಟಿನ ಒಂದು ಬದಿಯಲ್ಲಿ ಬೇಸ್‌ಮೆಂಟ್ ಇಲ್ಲದ ಅಖಂಡ ನೆಲವನ್ನು ಬಿಡಲು ಬಳಸಿದರೆ, ಹೆಚ್ಚುವರಿ ಕಾಂಕ್ರೀಟಿಲ್ಲದೆ, ಪಂಪಿಲ್ಲದೆ, ನಾಲ್ಕನೇ ಮಹಡಿಯವರೆಗೆ ಕಿಟಕಿಗಳಿಗೆ ನೆರಳು ಕೊಡುವ ಮರಗಳನ್ನು ಬೆಳೆಸಬಹುದು. ಫ್ಲ್ಯಾಟ್ ನೋಡಲು ಹೋದವರು ಬಣ್ಣದ ಬ್ರೋಷರ್ ಪಕ್ಕಕ್ಕಿಟ್ಟು ಬೇಸ್‌ಮೆಂಟಿನ ನಕ್ಷೆಯನ್ನು ಕೇಳಿ ಪಡೆಯಲಿ. ಸೈಟಿನ ಗಡಿಗೂ ಬೇಸ್‌ಮೆಂಟಿನ ಗೋಡೆಗೂ ನಡುವೆ ಎಷ್ಟು ಅಡಿ ಮಣ್ಣು ಉಳಿದಿದೆ ಎಂಬುದು ಅದರಲ್ಲಿ ಕಾಣುತ್ತದೆ.