‘ಎಕ್ಸಾರ್ಸಿಸ್ಟ್’: ಪ್ರೇಕ್ಷಕರು ಮೂರ್ಛೆ ಹೋದದ್ದೆಲ್ಲಿ?



ವೈದ್ಯನೊಬ್ಬ ದೆವ್ವದ ಚಿತ್ರದ ಬಗ್ಗೆ ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವೆನಿಸಬಹುದು. ಆದರೆ ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ಚರಿತ್ರೆಯಲ್ಲಿ ನಮ್ಮ ವೃತ್ತಿಯವರಿಗೂ ಪಾಲುಂಟು.

1949ರಲ್ಲಿ ಮೇರಿಲ್ಯಾಂಡಿನ ಬಾಲಕನೊಬ್ಬನಿಗೆ ಕ್ಯಾಥೊಲಿಕ್ ಪಾದ್ರಿಗಳು ದೆವ್ವ ಬಿಡಿಸಿದರೆಂಬ ಸುದ್ದಿಯನ್ನು ವಿದ್ಯಾರ್ಥಿಯಾಗಿದ್ದ ವಿಲಿಯಂ ಪೀಟರ್ ಬ್ಲ್ಯಾಟಿ ಪತ್ರಿಕೆಯಲ್ಲಿ ಓದಿದರು. ಅದರಿಂದ ಪ್ರೇರಿತವಾದ ಅವರ ಕಾದಂಬರಿ 1971ರಲ್ಲಿ ಹೊರಬಂದಿತು. ವಿಲಿಯಂ ಫ್ರೀಡ್‌ಕಿನ್ನರ ನಿರ್ದೇಶನದ ಚಿತ್ರ 1973ರ ಡಿಸೆಂಬರ್ 26ರಂದು ತೆರೆಕಂಡಿತು. ಚಳಿಗಾಲದ ಬೀದಿಗಳಲ್ಲಿ ಜನ ಸಾಲುಗಟ್ಟಿ ನಿಂತರು. ವಿಮರ್ಶಕ ವಿನ್ಸೆಂಟ್ ಕ್ಯಾನ್ಬಿ ಚಿತ್ರವನ್ನು ಖಂಡಿಸಿದರು. ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ತಾರೆಗಳನ್ನಿತ್ತರು. 10 ಆಸ್ಕರ್ ನಾಮಕರಣಗಳಲ್ಲಿ 2 ಪ್ರಶಸ್ತಿಗಳು ಬಂದವು.

ಚಿತ್ರಮಂದಿರಗಳಲ್ಲಿ ಹಲವರು ಮೂರ್ಛೆ ಹೋದರೆಂಬುದು ಎಲ್ಲರೂ ಬಲ್ಲ ಮಾತು. ಯಾವ ದೃಶ್ಯದಲ್ಲಿ? ದೆವ್ವ ಅಬ್ಬರಿಸುವಾಗಲ್ಲ, ಆಸ್ಪತ್ರೆಯ ದೃಶ್ಯದಲ್ಲಿ ಎಂದು ನಿರ್ದೇಶಕರೇ ಹೇಳಿದ್ದಾರೆ. ಸಿ.ಟಿ. ಸ್ಕ್ಯಾನ್ ಅಮೆರಿಕೆಗೆ ಆಗಷ್ಟೇ ಕಾಲಿಡುತ್ತಿದ್ದ ಕಾಲವದು. ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯಲು ಕತ್ತಿನ ಧಮನಿಗೇ ಸೂಜಿ ಚುಚ್ಚುತ್ತಿದ್ದರು. ಹನ್ನೆರಡರ ಬಾಲೆ ರೀಗನ್ನಳ ಕತ್ತಿನಿಂದ ರಕ್ತ ಚಿಮ್ಮುತ್ತದೆ, ಯಂತ್ರ ದಡಬಡಿಸುತ್ತದೆ. ಕೊನೆಗೆ ಚಿತ್ರಗಳಲ್ಲಿ ದೋಷವೇನೂ ಕಾಣುವುದಿಲ್ಲ. ನನಗಂತೂ ನಿರ್ದೇಶಕರ ಮಾತು ಒಪ್ಪಿಗೆಯಾಗುತ್ತದೆ. ಸಾಮಾನ್ಯ ಭಯದಲ್ಲಿ ನಾಡಿ, ರಕ್ತದೊತ್ತಡಗಳೆರಡೂ ಏರುತ್ತವೆ. ಆಗ ಮೂರ್ಛೆ ಅಪರೂಪ. ರಕ್ತವನ್ನೂ ಸೂಜಿಯನ್ನೂ ಕಂಡಾಗ ಕೆಲವರಲ್ಲಿ ವೇಗಸ್ ನರ ಕೆರಳಿ ಹೃದಯದ ಬಡಿತ ಇಳಿಯುತ್ತದೆ, ಒತ್ತಡ ಕುಸಿಯುತ್ತದೆ. ರಕ್ತ ಕೊಡಲು ಬಂದ ಪೈಲ್ವಾನರು ದೊಪ್ಪನೆ ಬೀಳುವುದೂ ಇದರಿಂದಲೇ!

ಇನ್ನು ಮನಸ್ಸಿನ ಮಾತು. ಹಿಂದೆ ಮಾನಸಿಕ ಕಾಯಿಲೆಯೆಂದು ಗುರುತಿಸಲ್ಪಡದಿದ್ದ ನಾಲ್ವರು ಈ ಚಿತ್ರ ನೋಡಿದ ಮೇಲೆ ಚಿಕಿತ್ಸೆಗೆ ಬಂದುದನ್ನು ಮನೋವೈದ್ಯ ಜೇಮ್ಸ್ ಬೊಜ್ಜುಟೊ 1975ರಲ್ಲಿ ವರದಿ ಮಾಡಿದರು. ನಾಲ್ವರಿಂದ ಸಿದ್ಧಾಂತ ಕಟ್ಟಲಾಗದು. ಆದರೂ ಪ್ರೇಕ್ಷಕನು ತನ್ನ ಬದುಕಿನ ಭಾರವನ್ನು ಹೊತ್ತೇ ಒಳಗೆ ಬರುತ್ತಾನೆಂಬುದನ್ನು ಸ್ವಾನುಭವದಿಂದ ಬಲ್ಲೆ.

2000ದ ಸೆಪ್ಟೆಂಬರಿನಲ್ಲಿ ಚಿತ್ರ ಮತ್ತೆ ಬಿಡುಗಡೆಯಾದಾಗ ನಾನು ರೆಸಿಡೆನ್ಸಿಯಲ್ಲಿದ್ದೆ. ಕತ್ತಿನ ಸೂಜಿ ನನ್ನನ್ನು ಅಲುಗಿಸಲಿಲ್ಲ. ಅಲುಗಿಸಿದ್ದು ಪಾದ್ರಿ ಕ್ಯಾರಸ್‌ನ ತಾಯಿ. ಆತನೂ ಮನೋವೈದ್ಯ, ಗ್ರೀಸಿನಿಂದ ವಲಸೆ ಬಂದ ಆಕೆ ನ್ಯೂಯಾರ್ಕಿನಲ್ಲಿ ಒಬ್ಬಳೇ ಇದ್ದು, ಒಬ್ಬಳೇ ಸಾಯುತ್ತಾಳೆ. ಪಕ್ಕದವರಿಗೆ ತಿಳಿಯುವಷ್ಟರಲ್ಲಿ ಒಂದೆರಡು ದಿನ ಕಳೆದಿರುತ್ತದೆ. ದೆವ್ವ ಮಗನನ್ನು ಹಿಂಸಿಸುವುದು ಆ ತಾಯಿಯ ದನಿಯಿಂದಲೇ.

ಹೊರಬಂದಾಗ ರಾತ್ರಿ ಹನ್ನೊಂದು. ಹಾಸನದಲ್ಲಿ ಬೆಳಗಿನ ಎಂಟೂವರೆ. ಕಾಲಿಂಗ್ ಕಾರ್ಡಿನಲ್ಲಿ ಕೆಲವೇ ನಿಮಿಷಗಳು ಉಳಿದಿದ್ದವು. “ಇದೇನಪ್ಪಾ ಇಷ್ಟೊತ್ತಿನಲ್ಲಿ, ಮೈಗೆ ಹುಷಾರಿದೆ ತಾನೆ?” ಎಂದರು ಅಮ್ಮ. ತಿಂಡಿ ಏನೆಂದು ಕೇಳಿದೆ. ದೆವ್ವದ ಚಿತ್ರ ನೋಡಿ ಬಂದೆನೆಂದು ಮಾತ್ರ ಹೇಳಲಿಲ್ಲ.