ಗೋಳಗುಮ್ಮಟದ ಪ್ರತಿಧ್ವನಿ, ನಮ್ಮ ತರಗತಿಯ ಗದ್ದಲ

ಅಲೀಪುರದ ಮಕ್ಕಳು ಪ್ರವಾಸಕ್ಕೆಂದು ವಿಜಯಪುರಕ್ಕೆ ಹೋದರೆ ಗೋಳಗುಮ್ಮಟದ ಮೇಲೇರಿ ಮೊದಲು ಮಾಡುವ ಕೆಲಸ ಚಪ್ಪಾಳೆ ತಟ್ಟುವುದು. ಒಂದು ಚಪ್ಪಾಳೆ ಹಲವು ಬಾರಿ ಮರಳಿ ಕೇಳುತ್ತದೆ. 1627ರಿಂದ 1656ರವರೆಗೆ ಆಳಿದ ಸುಲ್ತಾನ್ ಮುಹಮ್ಮದ್ ಆದಿಲ್ ಷಾಹನ ಸಮಾಧಿ ಭವನವಿದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಸೆಕೆಂಡಿನ ಹತ್ತನೇ ಒಂದು ಭಾಗದ ಅಂತರವಿದ್ದರೆ ಸಾಕು, ನಮ್ಮ ಕಿವಿ ಅದನ್ನು ಬೇರೆ ಶಬ್ದವೆಂದು ಗುರುತಿಸುತ್ತದೆ. ಗಟ್ಟಿ ಗಾರೆಯ ಗೋಡೆ ಶಬ್ದವನ್ನು ಹೆಚ್ಚು ಹೀರುವುದಿಲ್ಲ. ಪಿಸುಮಾತು ಮಾತ್ರ ಬಾಗಿದ ಗೋಡೆಯನ್ನು ಅನುಸರಿಸಿ ಆಚೆ ತಲುಪುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂತಹುದೇ ಗ್ಯಾಲರಿಯನ್ನು ನಮ್ಮ ಸಿ.ವಿ. ರಾಮನ್ 1921ರಲ್ಲಿ ಪರೀಕ್ಷಿಸಿದ್ದರು.

ಆದರೆ ಪ್ರವಾಸಿಗೆ ಸೊಗಸಾದದ್ದು ಪಾಠಕ್ಕೆ ಶತ್ರು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ವ್ಯಾಲೇಸ್ ಸೇಬೈನ್ ಎಂಬ ಯುವ ಅಧ್ಯಾಪಕರು ರಾತ್ರಿಯ ಹೊತ್ತು ಪಕ್ಕದ ಸಭಾಂಗಣದ ಕುರ್ಚಿ ದಿಂಬುಗಳನ್ನು ಹೊತ್ತು ತಂದು, ಆರ್ಗನ್ ಕೊಳವೆ ಊದಿಸಿ, ಶಬ್ದ ಅಡಗುವ ಕಾಲವನ್ನು ಅಳೆದರು. ಖಾಲಿ ಕೊಠಡಿಯಲ್ಲಿ ಅದು ಸುಮಾರು 5.5 ಸೆಕೆಂಡು. ದಿಂಬು ಹೆಚ್ಚಿದಂತೆ ಅನುರಣನ ಕಡಿಮೆಯಾಯಿತು. ಕೊಠಡಿ ದೊಡ್ಡದಾದಷ್ಟೂ ಶಬ್ದ ಉಳಿಯುತ್ತದೆ, ಹೀರುವ ವಸ್ತು ಹೆಚ್ಚಿದಷ್ಟೂ ಅಡಗುತ್ತದೆ ಎಂಬ ಸೂತ್ರ ಹೀಗೆ ಹುಟ್ಟಿತು. ಮನುಷ್ಯರೂ ಶಬ್ದ ಹೀರುತ್ತಾರೆ. ಖಾಲಿ ಮಸೀದಿಯಲ್ಲಿ ಮೊಳಗುವ ದನಿ ಶುಕ್ರವಾರ ಜನ ತುಂಬಿದಾಗ ತಿಳಿಯಾಗಿ ಕೇಳುವುದು ಇದರಿಂದಲೇ.

ಇದು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ತಗಡಿನ ಛಾವಣಿ, ಎರಡು ತರಗತಿಗಳ ನಡುವೆ ಛಾವಣಿ ಮುಟ್ಟದ ಅಡ್ಡಗೋಡೆ. ಉಕ್ತಲೇಖನದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ 'ಹಾಲು' ಎಂದರೆ 'ಹಾಳು' ಎಂದು ಬರೆಯುತ್ತಿದ್ದ. ಉರ್ದು ಇಮ್ಲಾದಲ್ಲಿಯೂ ಅದೇ ಕಥೆ. ದಡ್ಡನೆಂದು ಗದರಿದೆ. ಒಂದು ದಿನ ಮುಂದೆ ಕೂರಿಸಿದೆ, ತಪ್ಪಿಲ್ಲದೆ ಬರೆದ. ಆ ದಿನ ನಾಚಿಕೆಪಟ್ಟವನು ನಾನು.

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮತ್ತು ಅನುರಣನ ಕಾಲ ಸುಮಾರು 0.6 ಸೆಕೆಂಡು ಮೀರಬಾರದೆಂದು ಸೂಚಿಸಿತು. ಇದನ್ನು ಸಾಧಿಸಲು ಎರಡು ಬೇರೆ ಬೇರೆ ಕೆಲಸಗಳಿವೆ. ಹೊರಗಿನ ಸದ್ದು ತಡೆಯಲು ಅಡ್ಡಗೋಡೆಯನ್ನು ಛಾವಣಿವರೆಗೆ ಏರಿಸಬೇಕು, ಬಾಗಿಲಿನ ಸಂದು ಮುಚ್ಚಬೇಕು. ಒಳಗಿನ ಅನುರಣನ ತಗ್ಗಿಸಲು ಮಡಿಕೆಯ ದಪ್ಪ ಪರದೆ, ಜಮಖಾನೆ, ತೆಂಗಿನ ನಾರಿನ ಚಾಪೆ ಸಹಾಯಕ. ಇವನ್ನು ವಿದ್ಯುತ್ ತಂತಿಗಳಿಂದ ದೂರವಿಡಬೇಕು. ಥರ್ಮೋಕೋಲ್ ಮತ್ತು ಮೊಟ್ಟೆಯ ಟ್ರೇಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಟ್ಟಡ ಕಟ್ಟುವಾಗ ಹಿರಿಯರು ಗಾಳಿ, ಬೆಳಕು, ಬಣ್ಣದ ಬಗ್ಗೆ ಚರ್ಚಿಸುತ್ತಾರೆ. ಇನ್ನು ಮುಂದೆ ಒಂದು ಕೆಲಸ ಮಾಡೋಣ: ಖಾಲಿ ಕೊಠಡಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟೋಣ. ಅದು ಗುಂಯ್‌ಗುಟ್ಟಿದರೆ ಹಿಂದಿನ ಬೆಂಚಿನ ಮಗುವಿನ ಪಾಲಿನ ಪಾಠ ನಷ್ಟವಾಗುತ್ತಿದೆ ಎಂದೇ ತಿಳಿಯೋಣ.